ಬೇಸಿಗೆಯ ಕೊನೆಗೆ ಕೈತೋಟ ಸೊರಗಿದರೆ: ಮೊದಲು ಮಣ್ಣು ನೋಡಿ, ಔಷಧಿ ಆಮೇಲೆ

ಏಪ್ರಿಲ್ ಮುಗಿಯುತ್ತಾ ಬಂದಂತೆ ನನ್ನ ಫೋನಿಗೆ ಎಲೆಗಳ ಫೋಟೊ ಬರಲು ಶುರುವಾಗುತ್ತವೆ. ಮುದುಡಿದ ಟೊಮೆಟೊ ಎಲೆ, ಅಂಚು ಸುಟ್ಟ ದಾಸವಾಳ, ಹಳದಿಯಾದ ಕರಿಬೇವು. ಕಳಿಸುವವರು ನೆಂಟರು, ಅಕ್ಕಪಕ್ಕದ ಮನೆಯವರು. ಎಲ್ಲರ ಪ್ರಶ್ನೆ ಒಂದೇ: ‘ಯಾವ ಔಷಧಿ ಹೊಡೀಬೇಕು?’ ನಾನು ತಿರುಗಿ ಕೇಳುವುದೂ ಒಂದೇ: ‘ಮಣ್ಣಿಗೆ ಬೆರಳು ಹಾಕಿ ನೋಡಿದ್ರಾ?’

ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಸುಮಾರು 60 ಕುಂಡಗಳಿವೆ. ಹಿತ್ತಲಲ್ಲಿ ಸ್ವಲ್ಪ ನೆಲವೂ ಇದೆ. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಏಪ್ರಿಲ್-ಮೇ ತಿಂಗಳಲ್ಲಿ ಗಿಡಕ್ಕೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ರೋಗವೇ ಅಲ್ಲ. ನೀರು, ಬಿಸಿಲು, ಬೇರು, ಇವುಗಳಲ್ಲಿ ಯಾವುದೋ ಒಂದು ಕೆಟ್ಟಿರುತ್ತದೆ. ಅದು ಎಲೆಯಲ್ಲಿ ಕಾಣುತ್ತದೆ. ನಾವು ಎಲೆಗೆ ಔಷಧಿ ಹೊಡೆಯುತ್ತೇವೆ.

ನಾನೂ ಹಾಗೆಯೇ ಮಾಡಿದ್ದೆ. ಒಂದು ಮೇ ತಿಂಗಳಲ್ಲಿ ಬದನೆ ಗಿಡಗಳು ಬಾಡಿದ್ದವು. ಹುಳ ಬಿದ್ದಿದೆ ಎಂದುಕೊಂಡು ನಡು ಮಧ್ಯಾಹ್ನ ಬೇವಿನ ಎಣ್ಣೆ ಹೊಡೆದೆ. ಮರುದಿನ ಎಲೆಯೆಲ್ಲ ಕಂದಾಗಿ ಹಪ್ಪಳದಂತಾಗಿತ್ತು. ಕುಂಡ ಬೋರಲು ಹಾಕಿ ನೋಡಿದರೆ ಒಳಗಿನ ಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ಆರು ಗಿಡ ಹೋದವು. ಆ ಆರು ಗಿಡಕ್ಕೂ ಬೇಕಿದ್ದದ್ದು ನೀರು ಮಾತ್ರ.

ಹಾಗಾಗಿ ಇಲ್ಲಿ ಪ್ರತಿ ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಬರೆದಿದ್ದೇನೆ. ಅದರಲ್ಲಿ ಉತ್ತರ ಸಿಗದಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಎಲ್ಲಕ್ಕೂ ಮೊದಲು ಐದು ನಿಮಿಷ

ಬೆಳಿಗ್ಗೆ ಏಳು ಗಂಟೆಯೊಳಗೆ, ನೀರು ಹಾಕುವ ಮೊದಲೇ ಗಿಡದ ಮುಂದೆ ಕೂತುಕೊಳ್ಳಿ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ದೊಡ್ಡ ಕುಂಡವಾದರೆ ಒಣ ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ ಎರಡು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಗೆ ಒದ್ದೆ ಮಣ್ಣು ಅಂಟಿದೆಯಾ, ಎಲ್ಲಿಯವರೆಗೆ ಅಂಟಿದೆ ಎಂದು ನೋಡಿ. ಸಣ್ಣ ಕುಂಡವನ್ನು ಎತ್ತಿ ತೂಕ ನೋಡಬಹುದು. ಒಂದು ವಾರ ದಿನಾ ಎತ್ತಿದರೆ ಕೈಗೇ ಅಂದಾಜು ಬಂದುಬಿಡುತ್ತದೆ.

ಆಮೇಲೆ ಎಲೆಯ ಅಡಿಭಾಗ ನೋಡಿ. ಹುಳ, ನುಸಿ, ಮೊಟ್ಟೆ ಎಲ್ಲ ಇರುವುದು ಅಲ್ಲೇ. ಕೊನೆಗೆ ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯಾ ನೋಡಿ.

ಕುಂಡ ಸರಿಸುವ ಮುನ್ನ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು ಚೇಳು, ಹಾವು ಕುಂಡದ ಅಡಿ ಸೇರುತ್ತವೆ. ಹಿತ್ತಲಲ್ಲಿ ಚಪ್ಪಲಿ ಹಾಕಿಕೊಳ್ಳಿ. ಕುಂಡವನ್ನು ಕೋಲಿನಿಂದ ಅಲುಗಿಸಿ ನೋಡಿ, ಆಮೇಲೆ ಕೈ ಹಾಕಿ.

ಗಿಡ ಬಾಡುತ್ತಿದೆ

ಈ ಕಾಲದಲ್ಲಿ ಅತಿ ಹೆಚ್ಚು ಕೇಳುವ ದೂರು ಇದು. ತಪ್ಪು ಚಿಕಿತ್ಸೆ ಹೆಚ್ಚಾಗಿ ಸಿಗುವುದೂ ಇದಕ್ಕೇ. ಬಾಡುವುದರಲ್ಲಿ ಹಲವು ಬಗೆ ಇದೆ. ಯಾವ ಹೊತ್ತಿನಲ್ಲಿ ಬಾಡುತ್ತದೆ ಎನ್ನುವುದರಿಂದ ಶುರು ಮಾಡಿ.

*ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಂತರೆ:* ಇದು ರೋಗವಲ್ಲ. ಕುಂಬಳ, ಸೌತೆ, ಹೀರೆಯಂಥ ಅಗಲ ಎಲೆಯ ಬಳ್ಳಿಗಳು ಎಲೆಯಿಂದ ಹೊರಹೋಗುವಷ್ಟು ನೀರನ್ನು ಅದೇ ವೇಗದಲ್ಲಿ ಬೇರಿನಿಂದ ಎಳೆಯಲಾರವು. ಅದಕ್ಕೇ ಎಲೆ ಇಳಿಬಿಡುತ್ತವೆ. ಆಗ ಗಾಬರಿಯಾಗಿ ನೀರು ಸುರಿಯಬೇಡಿ. 11ರಿಂದ 4 ಗಂಟೆಯವರೆಗಿನ ಬಿಸಿಲಿಗೆ ನೆರಳು ಕೊಟ್ಟರೆ ಸಾಕು. 35 ಇಲ್ಲವೇ 50 ಶೇಕಡಾ ನೆರಳಿನ ಪರದೆ ತಂದು ಗಿಡದ ಮೇಲೆ ಎತ್ತರಕ್ಕೆ ಕಟ್ಟಿ, ಪಕ್ಕಗಳಲ್ಲಿ ಗಾಳಿ ಆಡಲು ಬಿಡಿ. ಹಳೆಯ ಬಿಳಿ ಪಂಚೆಯೂ ನಡೆಯುತ್ತದೆ. ಮಣ್ಣಿನ ಮೇಲೆ ಎರಡು ಇಂಚು ತರಗೆಲೆ ಅಥವಾ ತೆಂಗಿನ ನಾರು ಹೊದಿಸಿ, ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ.

ಕಪ್ಪು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಇಟ್ಟವರು ಮಧ್ಯಾಹ್ನ ಅದರ ಪಶ್ಚಿಮದ ಬದಿಯನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆ ಬದಿಯ ಬೇರು ಬೇಯುತ್ತಿದೆ ಎಂದೇ ಅರ್ಥ. ಗೋಣಿಚೀಲ ಸುತ್ತಿ. ತಾರಸಿಯ ಕಾಂಕ್ರೀಟಿಗೆ ತಾಗದ ಹಾಗೆ ಇಟ್ಟಿಗೆಯ ಮೇಲಿಡಿ. ಕುಂಡಗಳನ್ನು ಒತ್ತೊತ್ತಾಗಿ ಗುಂಪು ಮಾಡಿದರೆ ಒಂದರ ನೆರಳು ಇನ್ನೊಂದಕ್ಕೆ ಆಗುತ್ತದೆ.

*ಬೆಳಿಗ್ಗೆಯೂ ಬಾಡಿದೆ, ಮಣ್ಣು ಒಣಗಿದೆ:* ನೀರು ಸಾಲದು. ಆದರೆ ಇಲ್ಲೊಂದು ಮೋಸವಿದೆ. ಪಕ್ಕದ ಮನೆಯ ಹುಡುಗಿ ಒಮ್ಮೆ ಹೇಳಿದಳು: ‘ಆಂಟಿ, ದಿನಾ ಎರಡು ಸಲ ಹಾಕ್ತೀನಿ. ಕೆಳಗಿನಿಂದ ನೀರು ಹೊರಗೂ ಬರುತ್ತೆ. ಆದ್ರೂ ಬಾಡುತ್ತೆ.’ ಹೋಗಿ ನೋಡಿದೆ. ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬೇರ್ಪಟ್ಟಿತ್ತು. ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಜಾರಿ ತೂತಿನಿಂದ ಹೊರಗೆ ಹೋಗುತ್ತಿತ್ತು. ನಡುವಿನ ಬೇರಿನ ಮುದ್ದೆಗೆ ತೊಟ್ಟೂ ಸಿಕ್ಕಿರಲಿಲ್ಲ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಿಶ್ರಣ ಪೂರ್ತಿ ಒಣಗಿದರೂ ಹೀಗೆಯೇ; ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ಪರಿಹಾರ ಸುಲಭ. ಸಣ್ಣ ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಇಡಿ. 20ರಿಂದ 30 ನಿಮಿಷ ಹಿಡಿಯುತ್ತದೆ. ದೊಡ್ಡ ಕುಂಡಕ್ಕೆ ಕಡ್ಡಿಯಿಂದ ಏಳೆಂಟು ಕಡೆ ಚುಚ್ಚಿ, ಹತ್ತು ನಿಮಿಷಕ್ಕೊಮ್ಮೆಯಂತೆ ಮೂರು ಸಲ ಒಂದೊಂದು ಚೊಂಬು ನೀರು ಹಾಕಿ. ಆಮೇಲೆ ಅಂಚಿನ ಸಂದಿಗೆ ಮಣ್ಣು ತುಂಬಿ ಒತ್ತಿ. ಅವಳ ಗಿಡ ಮರುದಿನವೇ ಚೇತರಿಸಿಕೊಂಡಿತು.

ಇನ್ನೊಂದು ಮಾತು. ತಾರಸಿಯ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನದ ಮೇಲೆ ಸುಡುತ್ತಿರುತ್ತದೆ. ಅದನ್ನು ಬಕೆಟ್ಟಿಗೆ ಬಿಟ್ಟು, ತಣ್ಣೀರು ಬರಲು ಶುರುವಾದ ಮೇಲೆ ಗಿಡಕ್ಕೆ ಹಿಡಿಯಿರಿ.

*ಮಣ್ಣು ಒದ್ದೆಯಾಗಿದೆ, ಆದರೂ ಬಾಡಿದೆ:* ಇಲ್ಲಿ ತಕ್ಷಣ ನೀರು ನಿಲ್ಲಿಸಬೇಕು. ನೀರು ಜಾಸ್ತಿಯಾದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು, ಹಾಗಾಗಿ ಗಿಡ ಬಾಯಾರಿದಂತೆ ಕಾಣುತ್ತದೆ. ನಾವು ಇನ್ನಷ್ಟು ನೀರು ಹಾಕುತ್ತೇವೆ. ತೂತು ಮುಚ್ಚಿದೆಯಾ ನೋಡಿ, ಕಡ್ಡಿಯಿಂದ ಬಿಡಿಸಿ. ಬೇರು ಸ್ವಲ್ಪ ಕೆದಕಿ ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ನೆರಳಿಗೆ ಸರಿಸಿ, ಮಣ್ಣಿನ ಮೇಲಿನ ಎರಡು ಇಂಚು ಆರುವವರೆಗೆ ಕಾಯಿರಿ. ಬೇರು ಕಂದಾಗಿ, ಎಳೆದರೆ ಸಿಪ್ಪೆ ಜಾರಿ ಬರುತ್ತಿದ್ದರೆ, ವಾಸನೆಯೂ ಇದ್ದರೆ, ಹೂಗಿಡದ ಗಟ್ಟಿ ಕೊಂಬೆಯಿಂದ ಹೊಸ ಕಡ್ಡಿ ನೆಟ್ಟುಕೊಳ್ಳುವುದು ಒಳ್ಳೆಯದು.

*ನಿನ್ನೆ ಚೆನ್ನಾಗಿತ್ತು, ಇವತ್ತು ಹಸಿರಾಗಿರುವಾಗಲೇ ಇಡೀ ಗಿಡ ಜೋತುಬಿದ್ದಿದೆ:* ಟೊಮೆಟೊ, ಬದನೆ, ಮೆಣಸಿನ ಗಿಡದಲ್ಲಿ ಇದು ಕಂಡರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ ಇರಬಹುದು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ನೆಲದ ಹತ್ತಿರ ಕಾಂಡವನ್ನು ನಾಲ್ಕು ಇಂಚು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಹಿಡಿದು ಅಲುಗಾಡಿಸದೆ ಐದು ನಿಮಿಷ ನೋಡಿ. ಹಾಲಿನಂಥ ಬಿಳಿ ಎಳೆ ಕಾಂಡದಿಂದ ಕೆಳಗಿಳಿದರೆ ಅದು ದುಂಡಾಣುಗಳದ್ದು. ಇದಕ್ಕೆ ಮನೆಯಲ್ಲಿ ಮಾಡುವ ಔಷಧಿ ಇಲ್ಲ. ಹುಡುಕುತ್ತಾ ದಿನ ಕಳೆಯಬೇಡಿ. ಗಿಡವನ್ನು ಬೇರು ಸಮೇತ ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಲ್ಲ. ಕತ್ತರಿ, ಕೈ ತೊಳೆಯಿರಿ. ಆ ಮಣ್ಣಿನಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ. ಅಲಸಂದೆ, ಹರಿವೆ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಈ ಸೊರಗು ರೋಗ, ಎಲೆ ಮುಟುರು ನಂಜು (ಎಲೆ ಮುದುಡಿಸುವ ವೈರಸ್) ಮತ್ತು ಎಲೆ ಅಂಗಮಾರಿ (ಎಲೆಯಲ್ಲಿ ಕಂದು ಮಚ್ಚೆ ಬಿದ್ದು ಒಣಗುವ ರೋಗ), ಮೂರನ್ನೂ ತಡೆದುಕೊಳ್ಳುವ ತಳಿ. ನೆಲದಲ್ಲಿ ಬೆಳೆಯುವವರು ಮುಂದಿನ ಸಲ ಅದನ್ನು ಹಾಕಿ ನೋಡಿ.

*ಬದನೆಯ ಒಂದೇ ಕುಡಿ ಬಾಡಿದೆ, ಉಳಿದದ್ದು ಚೆನ್ನಾಗಿದೆ:* ಕುಡಿ ಮತ್ತು ಕಾಯಿ ಕೊರಕ ಹುಳ. ಬಾಡಿದ ಕುಡಿಯನ್ನು ಒಂದು ಇಂಚು ಕೆಳಗಿನಿಂದ ಕತ್ತರಿಸಿ ಸೀಳಿ ನೋಡಿ, ಒಳಗೆ ಗುಲಾಬಿ ಛಾಯೆಯ ಹುಳ ಸಿಗುತ್ತದೆ. ನಾಲ್ಕೈದು ಗಿಡದ ತೋಟಕ್ಕೆ ವಾರಕ್ಕೆರಡು ಸಲ ಹೀಗೆ ಕತ್ತರಿಸುವುದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ.

*ದಿನದಿಂದ ದಿನಕ್ಕೆ ಸೊರಗುತ್ತಿದೆ, ಗೊಬ್ಬರ ಹಾಕಿದರೂ ಬೆಳೆಯುತ್ತಿಲ್ಲ:* ಒಂದು ಗಿಡ ಕಿತ್ತು ಬೇರು ತೊಳೆದು ನೋಡಿ. ಬೇರಿನ ತುಂಬ ಗಂಟು ಇದ್ದರೆ ಜಂತುಹುಳ, ಅಂದರೆ ಮಣ್ಣಿನಿಂದ ಬೇರಿಗೆ ಸೇರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಅಲಸಂದೆ, ಹುರುಳಿಯ ಬೇರಿನಲ್ಲಿ ಮಾತ್ರ ಅವಸರ ಮಾಡಬೇಡಿ. ಅಲ್ಲಿ ಸಾರಜನಕ ಕೂಡಿಡುವ ಒಳ್ಳೆಯ ಗಂಟೂ ಇರುತ್ತದೆ. ಉಗುರಿನಿಂದ ಸವರಿದರೆ ಕಳಚಿ ಬಿದ್ದರೆ ಒಳ್ಳೆಯದು. ಬೇರೇ ಊದಿಕೊಂಡು ಗಂಟಾಗಿದ್ದರೆ ರೋಗ. ಇದಕ್ಕೆ ಈ ಬಿಸಿಲೇ ಮದ್ದು. ಮಣ್ಣನ್ನು ಹರಡಿ, ಒದ್ದೆ ಮಾಡಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ಅಂಚಿಗೆ ಮಣ್ಣು ಹೇರಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಬೇಡ, ಅದು ಬಿಸಿಲನ್ನು ಒಳಗೆ ಬಿಡುವುದಿಲ್ಲ. ಮಳೆಗಾಲದ ಮೊದಲು ಇದನ್ನು ಮುಗಿಸಬೇಕು. ಆಮೇಲೆ ಬೇವಿನ ಹಿಂಡಿ ಬೆರೆಸಿ, ಒಂದು ಸರದಿ ಚೆಂಡು ಹೂ ಬೆಳೆಯಿರಿ.

ಎಲೆಯ ತುದಿ, ಅಂಚು ಸುಟ್ಟಂತಿದೆ

ಹಳೆಯ ಎಲೆಗಳ ಅಂಚು ಕಂದಾಗಿ, ಕುಂಡದ ಮೇಲೆ ಬಿಳಿ ಪದರ ಕಂಡರೆ ಅದು ಉಪ್ಪು. ಬೇಸಿಗೆಯ ಕೊನೆಗೆ ಬೋರ್‌ವೆಲ್ ನೀರು ಇನ್ನಷ್ಟು ಗಡುಸಾಗುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವವರ ಕುಂಡದಲ್ಲಿ ಇದು ಬೇಗ ಆಗುತ್ತದೆ, ಏಕೆಂದರೆ ಉಪ್ಪು ತೊಳೆದು ಕೆಳಗೆ ಹೋಗುವಷ್ಟು ನೀರು ಬೀಳುವುದೇ ಇಲ್ಲ. ಹಾಕಿದಾಗ ತೂತಿನಿಂದ ಸ್ವಲ್ಪ ಹೊರಬರುವಷ್ಟು ಹಾಕಿ. ಆಮೇಲೆ ಮಣ್ಣು ನೋಡಿಕೊಂಡು ಬಿಡುವು ಕೊಡಿ.

ಬಿಳಿ ಪದರವನ್ನು ಒಂದು ಇಂಚು ಮಣ್ಣಿನ ಸಮೇತ ಕೆರೆದು ಹೊಸ ಎರೆಗೊಬ್ಬರ ತುಂಬಿ. ರಾಸಾಯನಿಕ ಗೊಬ್ಬರ ಮಳೆ ಬರುವವರೆಗೆ ನಿಲ್ಲಿಸಿ, ಅದೂ ಉಪ್ಪೇ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿ, 5000 ರೂಪಾಯಿ ದಂಡವನ್ನೂ ಇಟ್ಟಿತ್ತು. ಆಗ ಮನೆಯ ಬೇರೆ ನೀರನ್ನೆಲ್ಲ ಗಿಡಕ್ಕೆ ತಿರುಗಿಸಿದವರು ತುಂಬ ಜನ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಧಾರಾಳವಾಗಿ ಹಾಕಿ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಉಪ್ಪು ಜಾಸ್ತಿ. ದಿನಾ ಅದನ್ನೇ ಹಾಕಿದರೆ ಕುಂಡದ ಗಿಡ ಸುಡುತ್ತದೆ. ಗಡುಸು ನೀರನ್ನು ಮೆದು ಮಾಡುವ ಯಂತ್ರದ (ವಾಟರ್ ಸಾಫ್ಟ್‌ನರ್) ನೀರಿನಲ್ಲಿ ಸೋಡಿಯಂ ಇರುತ್ತದೆ, ಅದು ಬೇಡ. ಬಟ್ಟೆ ಒಗೆದ ಸೋಪಿನ ನೀರೂ ತರಕಾರಿಗೆ ಬೇಡ.

ಎಲೆ ಹಳದಿಯಾಗಿದೆ

ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆ ಒಟ್ಟಾರೆ ಹಳದಿಯಾದರೆ ಸಾರಜನಕ ಕಡಿಮೆ. ಒಂದು ಹಿಡಿ ಎರೆಗೊಬ್ಬರ ಹಾಕಿ. ಮೇಲಿನ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಗುಲಾಬಿ, ದಾಸವಾಳ, ಕರಿಬೇವಿನಲ್ಲಿ ಇದು ಸಾಮಾನ್ಯ. ಹೆಚ್ಚಾಗಿ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಗಡುಸು ನೀರಿನಿಂದ ಮಣ್ಣು ಕ್ಷಾರವಾಗಿ ಬೇರಿಗೆ ಸಿಗುವುದಿಲ್ಲ, ಅಷ್ಟೇ. ಲಘು ಪೋಷಕಾಂಶದ (ಕಬ್ಬಿಣ, ಸತುವಿನಂಥವು) ಮಿಶ್ರಣವನ್ನು ಪೊಟ್ಟಣದಲ್ಲಿ ಬರೆದ ಅರ್ಧ ಪ್ರಮಾಣದಲ್ಲಿ ಸಂಜೆ ಎಲೆಗೆ ಸಿಂಪಡಿಸಿ. ನಮ್ಮ ಕಡೆ ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವ ರೂಢಿ ಇದೆ. ತೆಳ್ಳಗೆ ಮಾಡಿ ಆಗೊಮ್ಮೆ ಈಗೊಮ್ಮೆ ಹಾಕಿ, ತೊಂದರೆಯಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಮಾತ್ರ ಬೇಡ.

ಬೆಂಡೆಯಲ್ಲಿ ಇದರ ತದ್ವಿರುದ್ಧ ಕಾಣಬಹುದು: ನರಗಳೇ ಹಳದಿ, ನಡುವೆ ಹಸಿರು. ಅದು ಬಿಳಿ ನೊಣ ಹರಡುವ ಹಳದಿ ನಂಜು ರೋಗ. ಗೊಬ್ಬರದಿಂದ ಹೋಗದು. ಅಂಥ ಗಿಡ ಬೇಗ ಕಿತ್ತರೆ ಪಕ್ಕದ ಗಿಡ ಉಳಿಯುತ್ತದೆ.

ಹೂ ಉದುರುತ್ತಿದೆ, ಕಾಯಿ ಕಚ್ಚುತ್ತಿಲ್ಲ

ಟೊಮೆಟೊ ಹೂ ತೊಟ್ಟಿನಿಂದಲೇ ಕಳಚಿ ಬೀಳುತ್ತಿದ್ದರೆ ಉಷ್ಣತೆ ನೋಡಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಖೆ ಇಳಿಯದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ಇದಕ್ಕೆ ಟಾನಿಕ್ ಸುರಿಯುವುದು ದಂಡ. ನೆರಳು ಕೊಡಿ, ಗಿಡ ಉಳಿಸಿಕೊಳ್ಳಿ. ಎರಡು ಮಳೆ ಬಿದ್ದು ರಾತ್ರಿ ತಂಪಾದರೆ ಕಾಯಿ ತಾನಾಗೇ ಕಚ್ಚುತ್ತದೆ. ಮೈಸೂರು, ಬೆಂಗಳೂರಿನಲ್ಲಿ ಇದು ಕೆಲವು ವಾರಗಳ ಮಾತು. ಕಲಬುರಗಿ, ರಾಯಚೂರಿನ ಕಡೆ 40 ದಾಟುವ ಬಿಸಿಲಿನಲ್ಲಿ ಟೊಮೆಟೊ ಬಿಟ್ಟು ಬಸಳೆ, ಹರಿವೆ, ಅಲಸಂದೆ ನೋಡಿಕೊಳ್ಳುವುದೇ ಮೇಲು.

ಬಳ್ಳಿ ತರಕಾರಿಯ ಕತೆ ಬೇರೆ. ಇಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೂವಿನ ಹಿಂದೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಮೊದಲು ಬರುವುದು ಗಂಡು ಹೂಗಳೇ. ಸೆಖೆ ಜಾಸ್ತಿಯಾದಷ್ಟೂ ಅವೇ ಹೆಚ್ಚು. ಅವು ಉದುರಿದರೆ ಚಿಂತೆ ಬೇಡ. ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಸಿಕ್ಕಿಲ್ಲ ಎಂದರ್ಥ. ನಾಲ್ಕನೇ ಮಹಡಿಯ ತಾರಸಿಗೆ ಜೇನು ಬರುವುದು ಕಡಿಮೆ ಅಲ್ವಾ? ನೀವೇ ಮಾಡಿ. ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ.

ಹೊತ್ತು ಮಾತ್ರ ತಪ್ಪಬಾರದು. ಕುಂಬಳ, ಸೌತೆ, ಹಾಗಲಕ್ಕೆ ಬೆಳಿಗ್ಗೆ ಆರರಿಂದ ಒಂಬತ್ತು. ಹೀರೆ, ಸೋರೆಯ ಹೂ ಅರಳುವುದೇ ಸಂಜೆ. ಎಷ್ಟೋ ಜನ ಬೆಳಿಗ್ಗೆ ಹೀರೆಯ ಬಾಡಿದ ಹೂವಿಗೆ ಪರಾಗ ಸವರಿ, ಕಾಯಿ ನಿಲ್ಲಲಿಲ್ಲ ಎನ್ನುತ್ತಾರೆ. ದೀಪ ಹಚ್ಚುವ ಹೊತ್ತಿಗೆ ತಾರಸಿಗೆ ಹೋಗಿ. ಅರಳಿದ ಹೀರೆ ಹೂವಿನ ಹಳದಿ ಆ ಮಬ್ಬಿನಲ್ಲೂ ಕಾಣುತ್ತದೆ.

ಎಲೆ ಮುದುಡಿದೆ

ಟೊಮೆಟೊ ಎಲೆ ಮಧ್ಯಾಹ್ನ ದೋಣಿಯಂತೆ ಮೇಲಕ್ಕೆ ಮಡಚಿದ್ದು, ಬಣ್ಣ ಗಾತ್ರ ಸರಿಯಾಗಿದ್ದರೆ ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳುತ್ತಿದೆ, ಬಿಡಿ. ಹೊಸ ಎಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ, ಗಿಡ ಕುಳ್ಳಾಗಿ ಪೊದೆಯಾದರೆ ಅದು ಮುಟುರು ನಂಜು. ಗಿಡ ಅಲುಗಿಸಿದಾಗ ಬಿಳಿ ನೊಣ ಹಾರಿದರೆ ಅನುಮಾನ ಗಟ್ಟಿಯಾಗುತ್ತದೆ. ನಂಜು ಹತ್ತಿದ ಗಿಡ ಗುಣವಾಗುವುದಿಲ್ಲ. ಕೀಳುವುದು ಕಷ್ಟ, ನನಗೂ ಮನಸ್ಸು ಬರುವುದಿಲ್ಲ. ಆದರೆ ಅದನ್ನು ಉಳಿಸಿಕೊಂಡರೆ ಉಳಿದವೂ ಹೋಗುತ್ತವೆ. ಹಳದಿ ಅಂಟು ಹಾಳೆ ತೂಗುಹಾಕಿದರೆ ನೊಣ ಕಡಿಮೆಯಾಗುತ್ತದೆ.

ಮೆಣಸಿನ ಗಿಡದಲ್ಲಿ ಎಲೆ ಯಾವ ಕಡೆ ಮಡಚಿದೆ ಎನ್ನುವುದೇ ಸುಳಿವು. ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ, ರಸ ಹೀರುವ ಪುಟ್ಟ ಹುಳ. ಕೆಳಕ್ಕೆ ಮಡಚಿ, ಎಲೆ ಉದ್ದುದ್ದವಾಗಿ ದಪ್ಪಗಾಗಿದ್ದರೆ ಮೈಟ್ ನುಸಿ. ಎರಡಕ್ಕೂ ಮೊದಲ ಮದ್ದು ಒಂದೇ: ಕೆಟ್ಟ ಕುಡಿ ಚಿವುಟಿ, ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿ. ಮೂರು ದಿನಕ್ಕೊಮ್ಮೆ ಎರಡು ವಾರ ಮಾಡಿದ ಮೇಲೂ ಹೊಸ ಕುಡಿ ಮುದುಡಿದರೆ ಬೇವಿನ ಎಣ್ಣೆಗೆ ಬನ್ನಿ.

ಬಲೆ, ಬಿಳಿ ಹಿಟ್ಟು, ಇರುವೆ ಸಾಲು

ಎಲೆಯ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಹಳದಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಇದ್ದರೆ ಕೆಂಪು ಜೇಡ ನುಸಿ. ಬಿಳಿ ಹಾಳೆ ಹಿಡಿದು ಎಲೆ ತಟ್ಟಿ. ಬಿದ್ದ ಧೂಳಿನ ಕಣಗಳು ನಡೆದಾಡಿದರೆ ಅವೇ. ಒಣ ಸೆಖೆಯಲ್ಲಿ ಇವು ಬೇಗ ಹೆಚ್ಚುತ್ತವೆ. ಇವುಗಳಿಗೂ ನೀರಿನ ಹೊಡೆತವೇ ಮೊದಲು.

ಬಿಳಿ ಕಂಡರೆ ಬೆರಳಿನಿಂದ ಉಜ್ಜಿ. ಪುಡಿಯಂತೆ ಅಳಿಸಿಹೋದರೆ ಬೂದಿ ರೋಗ. ಆ ಎಲೆಗಳನ್ನು ತೆಗೆದು ಗಾಳಿಯಾಡುವಂತೆ ಮಾಡಿ. ಅಂಟಂಟಾಗಿ, ಹತ್ತಿಯ ಉಂಡೆಯಂತಿದ್ದರೆ ಹಿಟ್ಟು ತಿಗಣೆ. ದಾಸವಾಳ ಇದರ ನೆಚ್ಚಿನ ಮನೆ. ಇದರ ಜೊತೆ ಇರುವೆ ಇದ್ದೇ ಇರುತ್ತವೆ. ತಿಗಣೆ ಸುರಿಸುವ ಸಿಹಿ ರಸಕ್ಕೆ ಬಂದು, ತಿಗಣೆಯನ್ನು ತಿನ್ನಲು ಬರುವ ಹುಳಗಳನ್ನು ಓಡಿಸುತ್ತವೆ. ಹಾಗಾಗಿ ಇರುವೆಯ ದಾರಿ ಕಡಿಯಬೇಕು. ಕುಂಡವನ್ನು ನೀರಿನ ತಟ್ಟೆಯಲ್ಲಿ ಇಟ್ಟಿಗೆಯ ಮೇಲಿಡಿ, ಗೋಡೆಗೆ ತಾಗುವ ಕೊಂಬೆ ಕತ್ತರಿಸಿ. ತಿಗಣೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ.

ತೊಳೆಯುವ ಮೊದಲು ಒಮ್ಮೆ ನೋಡಿ. ಆ ಬಿಳಿ ಗುಂಪಿನಲ್ಲಿ ಒಂದೆರಡು ದೊಡ್ಡದಾಗಿ, ಮೈತುಂಬ ಬಿಳಿ ಎಳೆ ಹೊತ್ತು, ಚುರುಕಾಗಿ ಓಡಾಡುತ್ತಿವೆಯಾ? ಅವು ತಿಗಣೆಯಲ್ಲ. ತಿಗಣೆಯನ್ನು ತಿನ್ನುವ ಗುಲಗಂಜಿ ಹುಳದ ಮರಿಗಳು. ಅವನ್ನು ಕೊಲ್ಲಬೇಡಿ, ಪಕ್ಕದ ಕೊಂಬೆಗೆ ಬಿಡಿ. 2008ರಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣ ಭಾರತಕ್ಕೆ ಕಾಲಿಟ್ಟು ತೋಟಗಳನ್ನೇ ಹಾಳು ಮಾಡಿತ್ತು. ಅದನ್ನು ಹತೋಟಿಗೆ ತಂದದ್ದೂ ಒಂದು ಹುಳವೇ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಕೇಂದ್ರದ ಮೂಲಕ ಬಂದ ಪುಟ್ಟ ಪರಾವಲಂಬಿ ಕಣಜ ಅದು. ಸುಮ್ನೆ ಎಲ್ಲದಕ್ಕೂ ವಿಷ ಹೊಡೆದರೆ ಇಂಥ ನೆಂಟರೇ ಮೊದಲು ಸಾಯುತ್ತಾರೆ.

ಕಾಯಿ ಕೆಡುತ್ತಿದೆ

ಟೊಮೆಟೊದ ತಳ ಕಪ್ಪಾಗಿ ಚರ್ಮದಂತಾದರೆ ಅದು ಸೋಂಕಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಹೀಗಾಗುತ್ತದೆ. ಮೊಟ್ಟೆ ಸಿಪ್ಪೆ ಕರಗಲು ತಿಂಗಳುಗಳೇ ಬೇಕು, ಈ ಬೆಳೆಗೆ ಅದು ಸಿಗದು. ನೀರು ಒಂದೇ ಹದದಲ್ಲಿ ಹಾಕಿದರೆ ಮುಂದಿನ ಕಾಯಿ ಸರಿಯಾಗುತ್ತದೆ. ಬಿಸಿಲಿಗೆ ನೇರ ಬಿದ್ದ ಬದಿಯಲ್ಲಿ ಮಾತ್ರ ಬಿಳಿ ಮಚ್ಚೆ ಇದ್ದರೆ ಅದು ಸುಟ್ಟ ಗಾಯ; ನೆರಳು ಕೊಡುವ ಎಲೆಗಳನ್ನು ಕತ್ತರಿಸಬೇಡಿ.

ಹೀರೆ, ಹಾಗಲ, ಸೌತೆ ಸೊಟ್ಟಗಾಗಿ, ಚುಚ್ಚಿದ ಗುರುತಿನಿಂದ ಅಂಟು ಒಸರಿದರೆ ಹಣ್ಣು ನೊಣ. ಒಳಗೆ ಬಿಳಿ ಹುಳ ಇರುತ್ತವೆ, ಹೊರಗಿನ ಔಷಧಿ ಅವುಗಳಿಗೆ ತಲುಪದು. ಕಾಯಿ ಕಚ್ಚಿದ ಎರಡನೇ ದಿನವೇ ಕಾಗದದ ಚೀಲ ಕಟ್ಟಿ. ಕೆಟ್ಟ ಕಾಯಿಯನ್ನು ಗೊಬ್ಬರಕ್ಕೆ ಹಾಕದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಬಿಸಿಲಿಗಿಡಿ. ನೊಣ ಹಿಡಿಯುವ ಬಲೆ ಕೊಳ್ಳುವವರು ಕ್ಯೂ ಲ್ಯೂರ್ (ಈ ನೊಣವನ್ನು ಸೆಳೆಯುವ ವಾಸನೆಯ ವಸ್ತು) ಇರುವುದನ್ನು ಕೇಳಿ. ಮಾವಿನ ನೊಣದ ಬಲೆಯ ಮಿಥೈಲ್ ಯೂಜಿನಾಲ್‌ಗೆ ಈ ನೊಣ ಬರುವುದಿಲ್ಲ.

ಹೂಗಿಡಗಳ ದೂರು

ಮಲ್ಲಿಗೆಗೆ ಇದೇ ಹಬ್ಬದ ಕಾಲ. ಬಿಸಿಲು ಏರಿದಷ್ಟೂ ಮೊಗ್ಗು. ಬಿಡದಿದ್ದರೆ ಮೊದಲು ಬಿಸಿಲು ನೋಡಿ, ದಿನಕ್ಕೆ ಆರು ಗಂಟೆಯಾದರೂ ಬೇಕು. ಎಲೆ ಹುಲುಸಾಗಿ ಹೂವೇ ಇಲ್ಲದಿದ್ದರೆ ಸಾರಜನಕ ಜಾಸ್ತಿಯಾಗಿದೆ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ತೂತಾಗಿದ್ದರೆ ಮೊಗ್ಗು ಕೊರೆಯುವ ಹುಳ. ತೂತಿಲ್ಲದೆ ಬುಡ ಊದಿ ಒಣಗಿದ್ದರೆ ಮೊಗ್ಗಿನ ನೊಣ. ಎರಡಕ್ಕೂ ಕೆಟ್ಟ ಮೊಗ್ಗನ್ನು ದಿನಾ ಆರಿಸಿ ತೆಗೆಯಿರಿ, ಬುಡದ ಮಣ್ಣು ಕೆದಕಿ ಬಿಸಿಲು ಕಾಣಿಸಿ.

ಸೇವಂತಿಗೆ ಮೇ ತಿಂಗಳಲ್ಲಿ ಹೂ ಬಿಡದಿದ್ದರೆ ದೋಷವಿಲ್ಲ. ಅದಕ್ಕೆ ಉದ್ದ ರಾತ್ರಿ ಬೇಕು. ಗುಲಾಬಿ ಹೂ ಚಿಕ್ಕದಾಗುವುದೂ ಸೆಖೆಯಿಂದ. ಈಗ ಕೊಂಬೆ ಕತ್ತರಿಸುವ ಕೆಲಸ ಬೇಡ.

ಸಿಂಪಡಿಸಲೇಬೇಕಾದರೆ

ಹಿಂದಿನ ಸಂಜೆ ಚೆನ್ನಾಗಿ ನೀರು ಹಾಕಿ. ಬಾಯಾರಿದ ಗಿಡಕ್ಕೆ ಯಾವ ಸಿಂಪಡಣೆಯೂ ಬೇಡ. ಒಂದು ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಒಂದೆರಡು ಹನಿ ಮೆದು ಸೋಪು. ಮೊದಲು ಎರಡು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಹೊತ್ತು ಇಳಿದ ಮೇಲೆ, ಜೇನು ಗೂಡಿಗೆ ಮರಳಿದ ಮೇಲೆ ಮಾತ್ರ. ಗಂಧಕದ ಪುಡಿಯನ್ನು ಈ ಸೆಖೆಯಲ್ಲಿ ಬಳಸಬೇಡಿ. ಎಣ್ಣೆ ಹೊಡೆದ ಎರಡು ವಾರದೊಳಗಂತೂ ಬೇಡವೇ ಬೇಡ, ಎಲೆ ಸುಡುತ್ತದೆ.

ಅಂಗಡಿಯವರು ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಸಣ್ಣ ಬಾಟಲಿಗೆ ಸುರಿದು ಕೊಟ್ಟರೆ ತರಬೇಡಿ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು, ಹಳದಿ ಗುರುತಿನವು ಮನೆಯೊಳಗೆ ಬರಲೇಬಾರದು. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸುವುದನ್ನು ದೇಶದಲ್ಲಿ ನಿಷೇಧಿಸಿದ್ದಾರೆ. ವಿಷ ಮೈಗೆ ತಾಗಿ ತಲೆ ಸುತ್ತು, ವಾಂತಿ, ಬೆವರು, ಉಸಿರಾಟದ ತೊಂದರೆ ಕಂಡರೆ ಬಟ್ಟೆ ಬದಲಿಸಿ, ಸೋಪು ನೀರಿನಲ್ಲಿ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ.

ಎರಡು ವಾರ ಇದೆಲ್ಲ ಮಾಡಿಯೂ ತೊಂದರೆ ಹರಡುತ್ತಿದ್ದರೆ, ಒಂದೇ ವಾರದಲ್ಲಿ ಮೂರ್ನಾಲ್ಕು ಗಿಡ ಸತ್ತರೆ, ತೆಂಗು, ಮಾವಿನಂಥ ದೊಡ್ಡ ಮರದ ಕಾಂಡದಿಂದ ರಸ ಸೋರಿದರೆ ಮನೆಮದ್ದು ನಿಲ್ಲಿಸಿ. ಕೆಟ್ಟ ಎಲೆ, ಬೇರು, ಒಂದು ಹಿಡಿ ಮಣ್ಣನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿಕೊಂಡು ತಾಲ್ಲೂಕಿನ ತೋಟಗಾರಿಕೆ ಕಚೇರಿಗೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಮೊದಲ ಮಳೆ ಬಂದಾಗ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ತಾರಸಿಯಲ್ಲಿ ಗಿಡ ಬೆಳೆಸುವವರಿಗೆ ಅದರ ಜೊತೆ ಗಾಳಿಯೂ ಗುಡುಗೂ ಬರುತ್ತದೆ. ಮೋಡ ಕಪ್ಪಾಗುವ ಮೊದಲೇ ಪ್ಯಾರಪೆಟ್ ಮೇಲಿನ ಕುಂಡಗಳನ್ನು ಇಳಿಸಿ. ಕೆಳಗೆ ಜನ ಓಡಾಡುತ್ತಾರೆ. ನೆರಳು ಪರದೆಯ ಹಗ್ಗ ಬಿಗಿ ಮಾಡಿ. ಗುಡುಗು ಕೇಳಿದ ಮೇಲೆ ತಾರಸಿಯಲ್ಲಿ ನಿಲ್ಲಬೇಡಿ, ಮಲ್ಲಿಗೆ ಕೀಳುವುದು ಬಾಕಿಯಿದ್ದರೂ ಸರಿ. ಏಪ್ರಿಲ್-ಮೇ ತಿಂಗಳ ಸಿಡಿಲು ನಮ್ಮಲ್ಲಿ ವರ್ಷವೂ ಜೀವ ತೆಗೆಯುತ್ತದೆ.

ಉಪ್ಪು ಕಟ್ಟಿದ ಕುಂಡಗಳನ್ನು ಮಳೆಗೆ ಮೊದಲೇ ಬಯಲಿಗೆ ಸರಿಸಿಟ್ಟಿರಿ. ಒಂದು ಜೋರು ಮಳೆ ತೊಳೆಯುವಷ್ಟು ಉಪ್ಪನ್ನು ನಾವು ಹತ್ತು ಬಕೆಟ್ಟಿನಲ್ಲೂ ತೊಳೆಯಲಾರೆವು. ಮಳೆ ನಿಂತ ಮೇಲೆ ಕುಂಡದ ಕೆಳಗಿನ ತಟ್ಟೆಗಳ ನೀರು ಚೆಲ್ಲಿ. ಇರುವೆ ತಡೆಯಲು ಇಟ್ಟ ತಟ್ಟೆಯನ್ನೂ ಮೂರು ದಿನಕ್ಕೊಮ್ಮೆ ಉಜ್ಜಿ ತೊಳೆದು ಹೊಸ ನೀರು ತುಂಬಿ, ಇಲ್ಲವಾದರೆ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ.

ಆ ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ. ಬೇಸಿಗೆಯಿಡೀ ಮಣ್ಣಿನಲ್ಲಿ ಮಲಗಿದ್ದ ಆಫ್ರಿಕನ್ ಬಸವನಹುಳುಗಳು ಮೊದಲ ಮಳೆಗೇ ಹೊರಬರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಅವು ಮನುಷ್ಯರಿಗೂ ಅಪಾಯ ತರುವ ಹುಳಗಳನ್ನು ಹೊತ್ತಿರಬಹುದು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಆ ನೀರನ್ನು ಗಿಡಗಳಿಂದ ದೂರ ಚೆಲ್ಲಿ. ಮೊದಲ ಮೂರು ರಾತ್ರಿ ಬಿಡದೆ ಆರಿಸಿದರೆ, ಹೊಸದಾಗಿ ಬಿತ್ತಿದ ಬೆಂಡೆ, ಅಲಸಂದೆಯ ಎರಡೆಲೆ ಮೊಳಕೆ ಉಳಿಯುತ್ತದೆ.